ಬೀಗಕ್ಕೆ ಬಿಟ್ಟ ಎಣ್ಣೆ

ನಮ್ಮ ಮನೆಯ ಎದುರು ಬಾಗಿಲಿನ ಪಕ್ಕದ ಕಿಟಕಿ ದಂಡೆಯ ಮೇಲೆ ಒಂದು ಸಣ್ಣ ಸ್ಟೀಲು ಲೋಟ ಇರುತ್ತಿತ್ತು. ಲೋಟದಲ್ಲಿ ಬೆರಳಗಲದಷ್ಟು ತೆಂಗಿನೆಣ್ಣೆ, ಎಣ್ಣೆಯಲ್ಲಿ ಅದ್ದಿಟ್ಟ ಒಂದು ಕೋಳಿಗರಿ. ಬಂದವರೆಲ್ಲ ಅದನ್ನು ಕಿವಿನೋವಿನ ಮದ್ದು ಎಂದೇ ತಿಳಿಯುತ್ತಿದ್ದರು. ನೆಂಟರೊಬ್ಬರು ಹೊರಡುವಾಗ ನನ್ನನ್ನು ಬದಿಗೆ ಕರೆದು, "ಕಿವಿ ಯಾರದ್ದು ಮಾರಾಯ್ತಿ, ಅತ್ತೆಯದ್ದಾ? ಎಣ್ಣೆ ಬಿಡಬಾರದು ಅಂತ ಹೇಳ್ತಾರೆ ಈಗಿನ ಡಾಕ್ಟರು," ಎಂದು ಕಾಳಜಿ ತೋರಿಸಿದ್ದರು. ಕಿವಿಗಲ್ಲ, ಬೀಗಕ್ಕೆ ಎಂದು ನಾನು ಹೇಳಲಿಲ್ಲ. ಹೇಳಿದ್ದರೆ ಅದರ ಹಿಂದಿನದ್ದೆಲ್ಲ ಹೇಳಬೇಕಾಗುತ್ತಿತ್ತು.

ಈಗ ಆ ಲೋಟ ಅಲ್ಲಿಲ್ಲ. ಮೊನ್ನೆ ತೊಳೆದು ಉಳಿದ ಪಾತ್ರೆಗಳ ಜೊತೆ ಕವುಚಿ ಹಾಕಿದೆ. ದಂಡೆಯ ಮೇಲೆ ಉರುಟಾದ ಒಂದು ಕಲೆ ಉಳಿದಿದೆ, ಸೋಪಿಗೂ ಬೂದಿಗೂ ಹೋಗದ್ದು. ಅದನ್ನು ನೋಡುತ್ತ ನೋಡುತ್ತ ಇದನ್ನು ಬರೆಯಲು ಕೂತೆ.

ಸವಣೂರು ಪೇಟೆಯಿಂದ ಐದು ನಿಮಿಷ ನಡೆದರೆ ನಮ್ಮ ಮನೆ. ನಾನು ಪಂಚಾಯತಿನ ಗ್ರಂಥಾಲಯ ನೋಡಿಕೊಳ್ಳುವವಳು. ನೋಡಿಕೊಳ್ಳುವುದು ಎಂದರೆ ಬೆಳಿಗ್ಗೆ ಬೀಗ ತೆಗೆಯುವುದು, ಪೇಪರ್ ಹರಡುವುದು, ಸಂಜೆ ಪೇಪರ್ ಮಡಚುವುದು, ಬೀಗ ಹಾಕುವುದು. ನಮ್ಮವರು ಬಸ್ಸು ಓಡಿಸುತ್ತಾರೆ, ಪುತ್ತೂರಿನಿಂದ ಕಡಬದ ಕಡೆಗೆ. ಬೆಳಕು ಹರಿಯುವ ಮೊದಲೇ ಅವರ ಡ್ಯೂಟಿ. ಮನೆಯಲ್ಲಿ ಹಗಲಿಡೀ ಇರುವವರು ಅತ್ತೆ. ಅವರು ಮರ್ಕಂಜದ ಕಡೆಯವರು, ಮಾತು ಅರೆಭಾಷೆ. ನಿಮಗೆ ಅರ್ಥವಾಗಲಿ ಎಂದು ನಾನಿಲ್ಲಿ ಅವರ ಮಾತನ್ನು ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ. ಅದರ ಗಟ್ಟಿತನ ಸ್ವಲ್ಪ ಸೋರಿಹೋಗಿದ್ದರೆ ತಪ್ಪು ನನ್ನದು.

ಬೀಗ ತಂದವರು ಮಾವ. ಅವರು ಪೋಸ್ಟ್‌ಮ್ಯಾನ್ ಆಗಿದ್ದವರು. ಊರಿನ ಎಲ್ಲ ಮನೆಗಳ ಎದುರು ಬಾಗಿಲನ್ನೂ ಅವರಷ್ಟು ಹತ್ತಿರದಿಂದ ನೋಡಿದವರು ಬೇರೆ ಯಾರೂ ಇರಲಿಕ್ಕಿಲ್ಲ. ಯಾರ ಬಾಗಿಲು ಯಾವ ಮರದ್ದು, ಯಾರದ್ದು ಮಳೆಗಾಲದಲ್ಲಿ ಉಬ್ಬಿ ಹೊಸಿಲಿಗೆ ಸಿಕ್ಕಿಬೀಳುತ್ತದೆ, ಯಾರು ಕರೆದರೂ ಅರ್ಧ ಮಾತ್ರ ತೆರೆಯುತ್ತಾರೆ, ಯಾರು ಪೂರ್ತಿ ತೆರೆದು ಮಜ್ಜಿಗೆ ಕೊಡುತ್ತಾರೆ ಎಲ್ಲ ಅವರಿಗೆ ಬಾಯಿಪಾಠ. ಸಹಿ ಬೇಕಾದ ಕಾಗದ ಬಂದು ಆ ಮನೆಯಲ್ಲಿ ಜನ ಇಲ್ಲದಿದ್ದರೆ, ಕಿಸೆಯಲ್ಲಿ ದಾರ ಕಟ್ಟಿ ಇಟ್ಟುಕೊಂಡಿದ್ದ ಪೆನ್ಸಿಲ್ ತೆಗೆದು ಕವರಿನ ಮೂಲೆಯಲ್ಲಿ 'ಬೀಗ ಹಾಕಿದೆ' ಎಂದು ಸಣ್ಣಗೆ ಬರೆದು ತರುತ್ತಿದ್ದರು. ಮರುದಿನ ಪುನಃ ಹೋಗುತ್ತಿದ್ದರು. ಬಾಗಿಲು ತೆರೆದಿದ್ದರೆ ಬರೆದದ್ದನ್ನು ಉಜ್ಜಿ ಕಾಗದ ಕೊಡುತ್ತಿದ್ದರು. ಬೀಗ ಹಾಕಿದ ಮನೆಯ ಎದುರು ನಿಂತು ಸಾಕಾಯಿತು ಎಂದು ನಗುತ್ತಿದ್ದರು. ಆದರೆ ತನ್ನ ಮನೆ ಕಟ್ಟಿಸುವಾಗ ಮಂಗಳೂರಿಗೆ ಹೋಗಿ, ಬಾಗಿಲಿನ ಮರದೊಳಗೇ ಕೂರುವ, ಒಳಗಿನಿಂದಲೂ ಹೊರಗಿನಿಂದಲೂ ಕೀ ಹಾಕಿ ತಿರುಗಿಸುವ ಹಿತ್ತಾಳೆ ಹಿಡಿಯ ಬೀಗ ತಂದರು. ಆಗ ಈ ದಾರಿಯಲ್ಲಿ ಅಂಥ ಬೀಗ ಬೇರೆ ಮನೆಗೆ ಇರಲಿಲ್ಲವಂತೆ. ಎರಡು ಕೀ. ಒಂದು ಹೊರಗೆ ಹೋಗುವವರಿಗೆ, ಇನ್ನೊಂದು ಬಾಗಿಲ ಹಿಂದಿನ ಮೊಳೆಯಲ್ಲಿ.

ನಾನು ಮದುವೆಯಾಗಿ ಬಂದ ದಿನ ಆ ಬೀಗ ಕಂಡು ಹೆದರಿದ್ದೆ. ನಾನು ಕೊಲ್ಲಮೊಗ್ರಿನ ಹುಡುಗಿ. ನಮ್ಮ ಮನೆ ಕಾಡಿನ ಅಂಚಿನಲ್ಲಿ. ಅಲ್ಲಿ ಬಾಗಿಲು ಇದ್ದದ್ದು ಕಳ್ಳರಿಗಲ್ಲ, ಮಂಗಗಳಿಗೆ. ಒಳಗಿನಿಂದ ಒಂದು ಮರದ ಅಡ್ಡಪಟ್ಟಿ, ಹೊರಗಿನಿಂದ ಒಂದು ತುಂಡು ಹಗ್ಗ. ಮನೆಮಂದಿಯೆಲ್ಲ ಒಟ್ಟಿಗೆ ಮದುವೆಗೋ ಸಾವಿನ ಬೊಜ್ಜಕ್ಕೋ ಹೋಗುವುದಿದ್ದರೆ ಅಜ್ಜಿ ಆ ಹಗ್ಗಕ್ಕೆ ಎರಡು ಗಂಟು ಹಾಕುತ್ತಿದ್ದರು. ಒಂದು ಗಂಟು ಎಂದರೆ ಹತ್ತಿರ ಎಲ್ಲೋ ಇದ್ದೇವೆ, ಕರೆಯಿರಿ. ಎರಡು ಗಂಟು ಎಂದರೆ ಸಂಜೆ ಬನ್ನಿ. ಊರಿನವರಿಗೆಲ್ಲ ಅದು ಗೊತ್ತಿತ್ತು. ಬೇಕಾದವರು ಗಂಟು ಬಿಚ್ಚಿ ಒಳಗೆ ಹೋಗಿ ನೀರು ಕುಡಿದು, ಇದ್ದಷ್ಟೇ ಗಂಟು ಹಾಕಿ ಹೋಗುತ್ತಿದ್ದರು. ಅಲ್ಲಿಂದ ಬಂದ ನನಗೆ ಇಲ್ಲಿ ಒಂದು ಕೀ ಕೊಟ್ಟರು. ಹೊಸ ಚಪ್ಪಲಿ ಸಿಕ್ಕಿದವರು ಮನೆಯೊಳಗೂ ಹಾಕಿಕೊಂಡು ನಡೆಯುತ್ತಾರಲ್ಲ, ಹಾಗೆ ನಾನು ಹಿತ್ತಲಿಗೆ ಬಟ್ಟೆ ಒಣಹಾಕಲು ಹೋಗುವಾಗಲೂ ಎದುರು ಬಾಗಿಲಿಗೆ ಬೀಗ ಹಾಕತೊಡಗಿದೆ. ಅತ್ತೆ ನಗುತ್ತಿದ್ದರು. "ಬಟ್ಟೆ ಕದಿಯುವವ ಹಿತ್ತಲಿಗೇ ಬರುದಲ್ವಾ ವಾರಿಜ?" ಎನ್ನುತ್ತಿದ್ದರು. ಗ್ರಂಥಾಲಯದ ಕೆಲಸ ಸಿಕ್ಕಿದ ಮೇಲೆ ನನ್ನ ಕೈಗೆ ಆ ಅಭ್ಯಾಸ ಇನ್ನೂ ಗಟ್ಟಿಯಾಯಿತು. ಬಾಗಿಲು ಎಳೆದುಕೊಂಡರೆ ಕೈ ತಾನಾಗಿ ಕೀ ತಿರುಗಿಸುತ್ತದೆ, ತಲೆಯನ್ನು ಕೇಳುವುದಿಲ್ಲ.

ಮಾವನ ಬೀಗಕ್ಕೆ ಒಂದು ಕಾಯಿಲೆ. ವರ್ಷವಿಡೀ ಸರಿ ಇರುತ್ತದೆ, ಚಳಿ ಶುರುವಾದರೆ ಬೆಳಗಿನ ಹೊತ್ತು ಹಟ ಹಿಡಿಯುತ್ತದೆ. ಕೀ ಒಳಗೆ ಹೋಗುತ್ತದೆ, ತಿರುಗುವುದಿಲ್ಲ. ಅದಕ್ಕೆ ಮನೆಯ ಒಬ್ಬೊಬ್ಬರದ್ದು ಒಂದೊಂದು ಉಪಾಯ. ನಮ್ಮವರು ಹಿಡಿಯನ್ನು ಮೇಲಕ್ಕೆತ್ತಿ, ಮೊಣಕಾಲಿನಿಂದ ಬಾಗಿಲನ್ನು ಒತ್ತಿ, ಗೇರು ಬದಲಿಸಿದ ಹಾಗೆ ಕೀಯನ್ನು ಹಿಂದೆ ಮುಂದೆ ಮಾಡುತ್ತಾರೆ. ಆಚೆ ಮನೆಯ ಕುಶಾಲಣ್ಣ ಬಂದರೆ ಬಾಗಿಲಿಗೆ ಅಂಗೈಯಿಂದ ಎರಡು ಪೆಟ್ಟು ಕೊಡುತ್ತಾರೆ, ಅಡ್ಡ ಮಲಗಿದ ದನವನ್ನು ಎಬ್ಬಿಸಿದ ಹಾಗೆ. ನಾನು ಮೆಲ್ಲಗೆ, ಪರೀಕ್ಷೆಗೆ ಹೋಗುವವಳ ಹಾಗೆ ದೇವರನ್ನು ನೆನೆದು ತಿರುಗಿಸುತ್ತೇನೆ. ಹೆಚ್ಚಾಗಿ ತಿರುಗುವುದಿಲ್ಲ. ಆಗ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಅಡುಗೆಮನೆಯ ಬಾಗಿಲಿನಿಂದ ಹೊರಗೆ ಬಿದ್ದು, ಮನೆಯನ್ನು ಸುತ್ತಿ, ನನ್ನದೇ ಅಂಗಳಕ್ಕೆ ನೆಂಟರ ಹಾಗೆ ಬರುತ್ತೇನೆ.

ಅತ್ತೆಯ ಉಪಾಯ ಎಣ್ಣೆ.

ನಮ್ಮ ಕಡೆ ತೆಂಗಿನೆಣ್ಣೆ ಯಾವುದಕ್ಕೆ ಇಲ್ಲ ಹೇಳಿ. ತಲೆಗೆ, ಸುಟ್ಟ ಗಾಯಕ್ಕೆ, ಹಲಸಿನ ಮೇಣ ಅಂಟಿದ ಕೈಗೆ, ದೇವರ ದೀಪಕ್ಕೆ, ಹೊಲಿಗೆ ಮೆಷಿನಿಗೆ, ಸೈಕಲಿನ ಚೈನಿಗೆ, ಕಿರ್ರೆನ್ನುವ ತೊಟ್ಟಿಲಿನ ಕೊಂಡಿಗೆ. ಗಟ್ಟಿಯಾದದ್ದು ಮೆತ್ತಗಾಗಬೇಕಾದರೆ, ಸದ್ದು ಮಾಡುವುದು ಸುಮ್ಮನಾಗಬೇಕಾದರೆ ಮೊದಲು ಎಣ್ಣೆ ಬಿಟ್ಟು ನೋಡುವುದು. ಅತ್ತೆ ಶನಿವಾರ ಸಂಜೆ ದೀಪ ಹಚ್ಚಿದ ಮೇಲೆ ಗರಿಯನ್ನು ಅದ್ದಿ ಬೀಗದ ಕಿಂಡಿಗೆ ನಾಲ್ಕು ಹನಿ ಇಳಿಸುತ್ತಿದ್ದರು. ಚಳಿಯಲ್ಲಿ ಬೀಗ ಹೆಚ್ಚು ಹಟ ಮಾಡಿದರೆ ಹೆಚ್ಚು ಹನಿ. ಆ ಗರಿಗಳನ್ನು ಹುಡುಕಿ, ತೊಳೆದು, ಒಣಗಿಸಿ ಕೊಡುತ್ತಿದ್ದವಳು ನಾನು.

ನಾಲ್ಕು ವರ್ಷದ ಹಿಂದಿನ ಧನು ತಿಂಗಳು. ಅತ್ತೆ ಮರ್ಕಂಜದಲ್ಲಿ ಅಣ್ಣನ ಮನೆಯಲ್ಲಿ ಐದಾರು ದಿನ ಇದ್ದು ಹಿಂದಿನ ದಿನವಷ್ಟೇ ಬಂದಿದ್ದರು. ಆ ಶನಿವಾರದ ಎಣ್ಣೆ ತಪ್ಪಿತ್ತು. ಬೆಳಗಿನ ಜಾವ ನಾವಿಬ್ಬರೂ ಸ್ನಾನ ಮಾಡಿ ದೇವಸ್ಥಾನದ ಧನುಪೂಜೆಗೆ ಹೊರಟೆವು. ನಮ್ಮವರು ಆಗಲೇ ಡ್ಯೂಟಿಗೆ ಹೋಗಿಯಾಗಿತ್ತು. ಮಾವ ಒಳಗೆ ಮಲಗಿದ್ದರು. ಅವರನ್ನು ಎಬ್ಬಿಸುವುದು ಬೇಡ ಎಂದು ಅತ್ತೆ ಸದ್ದಿಲ್ಲದೆ ಮೆಟ್ಟಲಿಳಿದು, "ಬರೇ ಎಳೆದುಕೋ ಸಾಕು. ಮಾವ ಇದ್ದಾರಲ್ಲ," ಎಂದರು. ನಾನು ಎಳೆದುಕೊಂಡೆ. ಕೈ ಕೀ ತಿರುಗಿಸಿತು. ಆ ಹೊತ್ತಿಗೆ ಅದು ಬಿಗಿಯಾಗಿ, ನೋಯಿಸಿದ ಹಾಗೆ ತಿರುಗಿದ್ದು ಈಗಲೂ ಬೆರಳಿಗೆ ನೆನಪಿದೆ.

ಪೂಜೆ ಮುಗಿಸಿ, ಬಾಳೆಲೆ ತುಂಡಿನಲ್ಲಿ ಮಾವನಿಗೆಂದು ಪ್ರಸಾದದ ಅವಲಕ್ಕಿ ಕಟ್ಟಿಸಿಕೊಂಡು ಬಂದೆವು. ಕೀ ಹಾಕಿದೆ, ತಿರುಗಲಿಲ್ಲ. ಇದು ಇದ್ದದ್ದೇ ಎಂದು ನಗುತ್ತಲೇ ಅತ್ತೆ ಮಾವನನ್ನು ಕರೆದರು. ಉತ್ತರ ಇಲ್ಲ. ಎರಡನೆಯ ಸಲ ಕರೆದಾಗ ಬಾಗಿಲಿನ ಆಚೆಯಿಂದ, ತೀರ ತಗ್ಗಿನಿಂದ, ಹೊಸಿಲಿನ ಹತ್ತಿರದಿಂದ ಒಂದು ಸದ್ದು ಬಂತು. ಮಾತಲ್ಲ. ಅಡುಗೆಮನೆಯ ಬಾಗಿಲಿಗೆ ಒಳಗಿನಿಂದ ಅಡ್ಡಪಟ್ಟಿ ಹಾಕಿತ್ತು. ನಾನು ಕುಶಾಲಣ್ಣನ ಮನೆಗೆ ಓಡಿದೆ. ಅವರು ಪಿಕ್ಕಾಸು ತಂದು ಹಿಂದಿನ ಬಾಗಿಲು ಒಡೆದು ಒಳಗೆ ಹೋಗುವಷ್ಟರಲ್ಲಿ ಇಪ್ಪತ್ತು ನಿಮಿಷ ಆಗಿರಬಹುದು. ಅಷ್ಟೂ ಹೊತ್ತು ಅತ್ತೆ ಎದುರು ಬಾಗಿಲಿಗೆ ಮುಖ ಒತ್ತಿ ಮಾತಾಡುತ್ತಲೇ ಇದ್ದರಂತೆ.

ಮಾವ ಬಾಗಿಲ ಬುಡದಲ್ಲಿ ಬಿದ್ದಿದ್ದರು. ಮೊಳೆಯಲ್ಲಿದ್ದ ಕೀ ಅವರ ಕೈಯ ಹತ್ತಿರ ನೆಲದಲ್ಲಿತ್ತು. ಅಡುಗೆಮನೆಯ ಕಡೆಗೆ ಹೋಗದೆ ಇಲ್ಲಿಗೆ ಯಾಕೆ ಬಂದರೋ. ಜೀವಮಾನವಿಡೀ ಎದುರು ಬಾಗಿಲಿಗೇ ಹೋದವರು, ಕರೆಯಬೇಕಾದಾಗಲೂ ಅಲ್ಲಿಗೇ ಬಂದಿರಬೇಕು. ತಿರುಗಿಸಿ ನೋಡಿದ್ದಾರೆ, ತಿರುಗಲಿಲ್ಲ. ಪುತ್ತೂರಿನ ಆಸ್ಪತ್ರೆಗೆ ಮುಟ್ಟುವಾಗ ಎಲ್ಲ ಮುಗಿದಿತ್ತು. ಇಪ್ಪತ್ತು ನಿಮಿಷ ಮೊದಲೇ ಬಂದಿದ್ದರೆ ಎಂದು ಡಾಕ್ಟರರನ್ನು ನಾವು ಕೇಳಲಿಲ್ಲ. ಅವರೂ ಹೇಳಲಿಲ್ಲ.

ಹತ್ತು ಗಂಟೆಯ ಹೊತ್ತಿಗೆ ಮಾವನನ್ನು ಮನೆಗೆ ತಂದೆವು. ಎದುರು ಬಾಗಿಲಿಗೆ ಬಿಸಿಲು ಬಿದ್ದಿತ್ತು. ಯಾರೋ ಕೀ ಹಾಕಿದರು. ಎಂತದೂ ಆಗದವರ ಹಾಗೆ ಬೀಗ ತಿರುಗಿತು. ಬಂದವರು, "ಅವರ ಹೊತ್ತು ಬಂದಿತ್ತು, ಅದಕ್ಕೆ ಬೀಗವೂ ಹಾಗೆ ಮಾಡಿತು," ಎಂದರು. ನಮ್ಮವರು ಗುಂಪಿನ ನಡುವಿನಿಂದ ಬಾಗಿಲನ್ನೇ ನೋಡುತ್ತಿದ್ದರು. ಅತ್ತೆ ನೆಲದಲ್ಲಿದ್ದ ಕೀಯನ್ನು ಹೆಕ್ಕಿ ಸೆರಗಿನಿಂದ ಒರೆಸಿ ಮೊಳೆಗೆ ಹಾಕಿದರು. ಆಮೇಲೆ ಅದನ್ನು ಯಾರೂ ಮುಟ್ಟಲಿಲ್ಲ, ಒಳಗಿರುವವರಿಗೆಂದು ಬೇರೊಂದು ಕೀ ಮಾಡಿಸಿದೆವು.

ಹದಿಮೂರನೆಯ ದಿನ ಕಳೆದ ಮೇಲೆ ಒಂದು ಸಂಜೆ ದೀಪ ಹಚ್ಚಿ ಅತ್ತೆ ಗರಿ ಹಿಡಿದುಕೊಂಡು ಬಾಗಿಲ ಹತ್ತಿರ ನಿಂತಿದ್ದರು. ಶನಿವಾರ ಅಲ್ಲವಲ್ಲ ಎಂದು ನಾನು ನೋಡಿದೆ. "ಆ ವಾರ ನಾನು ಬಿಡಲಿಲ್ಲ," ಎಂದರು. ಅಷ್ಟೇ. ಆವತ್ತಿನಿಂದ ದಿನಾ. ಜ್ವರ ಬಂದ ದಿನವೂ ಗೋಡೆ ಹಿಡಿದುಕೊಂಡು ಬಂದು ನಾಲ್ಕು ಹನಿ ಬಿಟ್ಟು ಮಲಗಿದ್ದಾರೆ. ಧನುಪೂಜೆಗೆ ಮತ್ತೆ ಹೋಗಲಿಲ್ಲ. ಬಾಗಿಲ ಬುಡದ ಆ ಜಾಗದಲ್ಲಿ ಕಾಲಿಡಲಿಲ್ಲ. ಚಾವಡಿಗೆ ಬರುವಾಗ ಗೋಡೆಯ ಬದಿಯಿಂದ ಅರ್ಧ ಸುತ್ತು ಹಾಕಿ ಬರುತ್ತಿದ್ದರು. ನನಗೂ ಅದೇ ದಾರಿ ಅಭ್ಯಾಸವಾಗಿತ್ತು.

ಬೀಗ ಹಾಕಿದ್ದು ನಾನು ಎಂದು ಅವರು ಒಂದು ದಿನವೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಅವರು ಎಣ್ಣೆ ಬಿಡುವಾಗ ನಾನು ಪಕ್ಕದಲ್ಲಿ ನಿಂತು ಲೋಟ ಹಿಡಿಯುತ್ತಿದ್ದೆ.

ಬೀಗ ಸರಿಯಾಯಿತಾ ಎಂದು ನೀವು ಕೇಳಬಹುದು. ಇಲ್ಲ. ವರ್ಷದಿಂದ ವರ್ಷಕ್ಕೆ ಹಟ ಹೆಚ್ಚಾಯಿತು. ಈ ಸಲ ಧನು ತಿಂಗಳು ಹುಟ್ಟಿದ ಮೇಲಂತೂ ಬೆಳಿಗ್ಗೆ ಒಂದು ದಿನವೂ ಸುಲಭದಲ್ಲಿ ತಿರುಗಲಿಲ್ಲ. ಒಂದು ಬೆಳಿಗ್ಗೆ ನಾನು ಹಾಲು ತರಲು ಹೋಗಿದ್ದೆ. ಒಳಗೆ ಜನ ಇದ್ದರೆ ಹೊರಗಿನಿಂದ ಬೀಗ ಹಾಕುವುದನ್ನು ಮಾವ ಹೋದ ದಿನದಿಂದಲೇ ಬಿಟ್ಟಿದ್ದೆ. ಅತ್ತೆ ಒಳಗಿನಿಂದ ಹಾಕಿಕೊಂಡಿದ್ದರು. ಬಂದು ಕರೆದರೆ ಉತ್ತರ ಇಲ್ಲ. ಕೀ ತಿರುಗುವುದಿಲ್ಲ. ಹಾಲಿನ ಕ್ಯಾನು ಕೈಯಲ್ಲೇ ಇತ್ತು, ಅದನ್ನು ಎಲ್ಲಿ ಬಿಟ್ಟೆನೋ ತಿಳಿಯದು. ಹಿಂದಿನಿಂದ ಓಡಿ ಅಡುಗೆಮನೆಯ ಬಾಗಿಲು ದೂಡಿದೆ. ಮಾವ ಹೋದ ಮೇಲೆ ಆ ಬಾಗಿಲಿಗೆ ಹಗಲು ಅಡ್ಡಪಟ್ಟಿ ಹಾಕುವ ಕ್ರಮ ನಮ್ಮಲ್ಲಿಲ್ಲ. ಅತ್ತೆ ಎದುರು ಬಾಗಿಲಿನ ಪಕ್ಕ, ಗೋಡೆಗೆ ಒರಗಿ ನೆಲದಲ್ಲಿ ಕೂತಿದ್ದರು. ಮಡಿಲಲ್ಲಿ ಎಣ್ಣೆಯ ಲೋಟ. "ತೆಗೀಲಿಕ್ಕೆ ನೋಡಿದೆ, ಆಗ್ಲಿಲ್ಲ. ನೀನು ಕರೆದದ್ದು ಕೇಳಿತು. ಬಾಯಿ ಬರಲಿಲ್ಲ," ಎಂದರು. ಅವರ ಕೈ ಹಿಡಿದು ನೋಡಿದೆ, ತಣ್ಣಗಿತ್ತು. ಮರುದಿನವೇ ಪುತ್ತೂರಿನಿಂದ ಬೀಗ ರಿಪೇರಿಯ ಹಮೀದಣ್ಣನನ್ನು ಬರಲು ಹೇಳಿದೆ.

ಹಮೀದಣ್ಣ ತಲೆ ನರೆತವರು. ಸೈಕಲ್ ರಿಪೇರಿಯಿಂದ ಶುರುಮಾಡಿ ಬೀಗಕ್ಕೆ ಬಂದವರಂತೆ. ಅವರು ಬರುವಾಗ ಅತ್ತೆ ಮನೆಯಲ್ಲಿರಲಿಲ್ಲ, ಕುಶಾಲಣ್ಣನ ಮೊಮ್ಮಗುವನ್ನು ಎಣ್ಣೆ ಹಚ್ಚಿ ಮೀಯಿಸಲು ಹೋಗಿದ್ದರು. ಹಮೀದಣ್ಣ ಬೀಗವನ್ನು ಬಾಗಿಲಿನಿಂದ ಎಬ್ಬಿಸಿ, ಚಾವಡಿಯಲ್ಲಿ ಪೇಪರ್ ಹಾಸಿ, ಅದರ ಮುಚ್ಚಳ ಬಿಚ್ಚಿದರು. ಬಿಚ್ಚಿದ್ದನ್ನು ಬೆಳಕಿಗೆ ಹಿಡಿದು ನೋಡಿದರು.

"ಅಕ್ಕ, ಇದು ಬೀಗವಾ, ಇಲ್ಲ ಎಣ್ಣೆಯ ಗಿಂಡಿಯಾ?"

ಒಳಗೆ ಬೀಗದ ಹಲ್ಲು ಕಾಣುತ್ತಿರಲಿಲ್ಲ. ಕಪ್ಪಾದ ಮೇಣದಂಥದ್ದು ಮೂಲೆ ಮೂಲೆಗೆ ಕೂತು, ಅದರೊಳಗೆ ಧೂಳು, ಇರುವೆಯ ಕಾಲು, ಗರಿಯ ಸಣ್ಣ ಸಣ್ಣ ಎಳೆ. ಅವರು ಸ್ಕ್ರೂಡ್ರೈವರಿನ ತುದಿಯಿಂದ ಕೆರೆದರೆ ಸುರುಳಿ ಸುರುಳಿಯಾಗಿ ಬಂತು.

"ತೆಂಗಿನೆಣ್ಣೆ ಬಿಟ್ಟದ್ದಲ್ವಾ? ಈ ಊರಿನಲ್ಲಿ ಎಲ್ಲರೂ ಬಿಡ್ತಾರೆ. ಸೆಕೆಗೆ ಅದು ಎಣ್ಣೆ, ಚಳಿಗೆ ತುಪ್ಪ. ತುಪ್ಪದಲ್ಲಿ ಹೂತಿಟ್ಟ ಸ್ಪ್ರಿಂಗು ಏಳುದು ಹೇಗೆ? ಬಿಸಿಲು ಬಂದ ಮೇಲೆ ತಾನೇ ಸರಿ ಆಗ್ತದೆ, ಅಲ್ವಾ?"

ನಾನು ಹೂಂ ಎಂದೆ.

ನಾಚಿಕೆಯ ಸಂಗತಿ ಹೇಳುತ್ತೇನೆ. ಧನು ತಿಂಗಳಲ್ಲಿ ನಮ್ಮ ಎಣ್ಣೆ ಕುಪ್ಪಿ ಇರುವುದು ಒಲೆಯ ಬದಿಯಲ್ಲಿ. ಬೆಳಿಗ್ಗೆ ದೀಪಕ್ಕೆ ಎಣ್ಣೆ ಬೇಕಾದರೆ ಕುಪ್ಪಿಯನ್ನು ಕಾಸಬೇಕು, ತಲೆಗೆ ಬೇಕಾದರೆ ಚಮಚದಲ್ಲಿ ಕೆರೆದು ಅಂಗೈಯಲ್ಲಿ ತಿಕ್ಕಬೇಕು. ಹುಟ್ಟಿದಂದಿನಿಂದ ಕಂಡದ್ದು. ಸಂಜೆ ಕಾಸಿ ಬಿಟ್ಟದ್ದು ಬೆಳಗಾಗುವಾಗ ಬೀಗದೊಳಗೂ ಹಾಗೇ ಗಟ್ಟಿಯಾಗುತ್ತದೆ ಎಂದು ನಮ್ಮಲ್ಲೊಬ್ಬರಿಗೂ ಹೊಳೆಯಲಿಲ್ಲ. ಗ್ರಂಥಾಲಯದ ಬಾಗಿಲಿಗೆ ಒಂದು ಹಳೆಯ ತೂಗುಬೀಗ ಉಂಟು. ಅದಕ್ಕೆ ಇಷ್ಟು ವರ್ಷದಲ್ಲಿ ಯಾರೂ ಒಂದು ತೊಟ್ಟು ಎಣ್ಣೆ ಬಿಟ್ಟವರಿಲ್ಲ, ಅದು ಒಂದು ದಿನವೂ ತೊಂದರೆ ಕೊಟ್ಟದ್ದಿಲ್ಲ. ಅದನ್ನು ದಿನಾ ತೆಗೆದು, ಅಷ್ಟು ಪುಸ್ತಕಗಳ ನಡುವೆ ಕೂತು ಬರುವವಳು ನಾನು.

ಹಮೀದಣ್ಣನಿಗೆ ಮೆಲ್ಲಗೆ ಎಲ್ಲ ಹೇಳಿದೆ. ಮಾವನದ್ದು, ಆ ಬೆಳಗಿನದ್ದು, ತಪ್ಪಿದ ಒಂದು ಶನಿವಾರಕ್ಕಾಗಿ ಅತ್ತೆ ದಿನಾ ಬಿಡುವ ಎಣ್ಣೆಯದ್ದು. ಅತ್ತೆಗೆ ಹೇಗೆ ಹೇಳಲಿ ಎಂದು ಕೇಳಿದೆ. ಅವರು ಕೆರೆಯುವುದನ್ನು ನಿಲ್ಲಿಸಿದರು.

"ಬೀಗದ ವಿಷಯ ಆದ್ರೆ ನಾನು ಹೇಳ್ಬಹುದು ಅಕ್ಕ. ಇದು ಬೀಗದ್ದಲ್ಲ," ಎಂದರು. ಪುನಃ ಕೆರೆಯುತ್ತ, "ಎಣ್ಣೆ ಮಾತ್ರ ನಿಲ್ಲಿಸಿ. ಹಗಲಿಡೀ ಒಬ್ಬರೇ ಇರುವವರು ಅವರು. ಬೇಕಾದ್ರೆ ಪೆನ್ಸಿಲಿನ ಕಡ್ಡಿ ಪುಡಿ ಮಾಡಿ ಊದಿ, ಸಾಕು," ಎಂದರು.

ಬೀಗ ಪುನಃ ಕೂರಿಸುತ್ತಿರುವಾಗ ಅತ್ತೆ ಬಂದರು. ಮಗು ಮೀಯಿಸಿದ ಕೈ, ಎಣ್ಣೆಯ ವಾಸನೆ.

"ಎಂತ ಆಗಿತ್ತು ಅದಕ್ಕೆ?"

"ಪ್ರಾಯ ಆಯ್ತಲ್ಲ ಅಮ್ಮ. ನಮಗೂ ಬೆಳಿಗ್ಗೆ ಏಳುವಾಗ ಗಂಟು ಹಿಡಿಯುದಿಲ್ವಾ, ಹಾಗೆ."

"ನಾನು ದಿನಾ ಎಣ್ಣೆ ಬಿಡ್ತೇನೆ. ಒಂದು ದಿನವೂ ತಪ್ಪಿಸುದಿಲ್ಲ."

ಹಮೀದಣ್ಣ ಸ್ಕ್ರೂ ತಿರುಗಿಸುತ್ತಲೇ, "ಗೊತ್ತಾಯ್ತು ಅಮ್ಮ," ಎಂದರು. ತಲೆ ಎತ್ತಲಿಲ್ಲ.

ಆಮೇಲಿನ ನಾಲ್ಕು ದಿನ ನಮ್ಮ ಮನೆಯಲ್ಲಿ ನಡೆದದ್ದು ಕೇಳಿದರೆ ನಿಮಗೆ ನಗು ಬರಬಹುದು. ಮೊದಲ ದಿನ ಲೋಟ ಅಡಗಿಸಿದೆ. ಅತ್ತೆ ಬೇರೆ ಲೋಟ ತಂದರು. ಎರಡನೆಯ ದಿನ ಗರಿ ಅಡಗಿಸಿದೆ. ಅವರು ದೀಪದ ಎಣ್ಣೆಗೆ ಬೆರಳು ಅದ್ದಿ ಬೀಗಕ್ಕೆ ಸವರಿದರು. ಅವರು ಒಳಗೆ ಹೋದ ಮೇಲೆ ನಾನು ಹೇರ್‌ಪಿನ್ನಿಗೆ ಹತ್ತಿ ಸುತ್ತಿ ಅದನ್ನು ಒರೆಸಿ ತೆಗೆದೆ. ಅತ್ತೆ ಬಿಡುವುದು, ಸೊಸೆ ಒರೆಸುವುದು. ನಮ್ಮವರಿಗೆ ಹೇಳಿದರೆ, "ಹೇಳಿಬಿಡು ಮಾರಾಯ್ತಿ," ಎಂದರು. ನೀವೇ ಹೇಳಿ ಎಂದದ್ದಕ್ಕೆ ತಟ್ಟೆಯಲ್ಲಿ ಅನ್ನ ಕಲಸುತ್ತ, "ನನ್ನಿಂದ ಆಗುದಿಲ್ಲ. ಅಪ್ಪನ ವಿಷಯ ಅಲ್ವಾ," ಎಂದರು.

ಅತ್ತೆಗೆ ಹೇಳಿದರೆ ಒಂದು ಭಾರ ಇಳಿಯುತ್ತದೆ. ಆ ವಾರ ಎಣ್ಣೆ ಬಿಡದ್ದಕ್ಕೆ ಹಾಗಾಯಿತು ಎಂಬುದು ಸುಳ್ಳು, ನಿಮ್ಮ ತಪ್ಪಲ್ಲ ಎಂದು ಹೇಳಬಹುದು. ಆದರೆ ಅದೇ ಮಾತಿನ ಹಿಂದೆಯೇ ಇನ್ನೊಂದು, ಅದಕ್ಕಿಂತ ದೊಡ್ಡದು, ಬಂದು ಕೂರುತ್ತದೆ. ಅದನ್ನು ತಡೆಯುವ ದಾರಿ ಕಾಣದೆ ನಾನು ಹತ್ತಿ ಸುತ್ತುತ್ತಿದ್ದೆ.

ನಾಲ್ಕನೆಯ ಸಂಜೆ ಅವರು ಒಳಗೆ ಹೋದರು ಎಂದುಕೊಂಡು ಪಿನ್ನು ಹಾಕಿದೆ. ಹೋಗಿರಲಿಲ್ಲ.

"ಎಂತ ಮಾಡುದು ವಾರಿಜ?"

ಸುಳ್ಳು ಹೇಳಲು ಬಾಯಿ ತೆರೆದೆ, ಒಂದೂ ಸಿಗಲಿಲ್ಲ. "ಎಣ್ಣೆ ತೆಗೀತಾ ಇದ್ದೇನೆ ಅತ್ತೆ. ಬಿಡಬಾರದಂತೆ. ಚಳಿಗೆ ಒಳಗೆ ಗಟ್ಟಿ ಆಗ್ತದಂತೆ."

ಅತ್ತೆ ಅಡುಗೆಮನೆಯ ಕಡೆಗೆ ನೋಡಿದರು. ಒಲೆಯ ಬದಿಯಲ್ಲಿ ಕುಪ್ಪಿ ಇತ್ತು, ಬಾಯಿಯ ಹತ್ತಿರ ಬೆಳ್ಳಗೆ. ಅದು ಅವರೊಳಗೆ ಮೆಟ್ಟಲು ಮೆಟ್ಟಲಾಗಿ ಇಳಿಯುವುದು ನನಗೆ ಕಾಣುತ್ತಿತ್ತು. ನಾನು ಅವಸರ ಮಾಡಿದೆ.

"ಆ ವಾರ ನೀವು ಮರ್ಕಂಜದಲ್ಲಿ ಇದ್ದಿರಲ್ಲ. ಎಣ್ಣೆ ತಪ್ಪಿದ್ದಕ್ಕೆ ಹಾಗಾದದ್ದಲ್ಲ ಅತ್ತೆ. ಇಷ್ಟು ವರ್ಷ ನೀವು ಅಂದುಕೊಂಡ ಹಾಗೆ ಅಲ್ಲವೇ ಅಲ್ಲ."

"ತಪ್ಪಿದ್ದಕ್ಕೆ ಅಲ್ಲ," ಎಂದರು ಅತ್ತೆ. ಕುಪ್ಪಿಯಿಂದ ಕಣ್ಣು ತೆಗೆಯದೆ, "ಹಾಗಾದ್ರೆ ಎಣ್ಣೆ ಬಿಟ್ಟದ್ದಕ್ಕೆ."

ಗೋಡೆಗೆ ಕೈಕೊಟ್ಟು ಮೆಲ್ಲಗೆ ಕೂತರು. ಚಾವಡಿಯಲ್ಲಿ ದೀಪದ ಬತ್ತಿ ಸಣ್ಣಗೆ ಚಟಪಟ ಎನ್ನುತ್ತಿತ್ತು. ನಾನೂ ಎದುರಿಗೆ ಕೂತೆ. ನನ್ನಲ್ಲಿ ಅವರಿಗೆ ಕೊಡುವಂಥದ್ದು ಉಳಿದದ್ದು ಒಂದೇ ಇತ್ತು. ಅದನ್ನು ನಾಲ್ಕು ವರ್ಷದಿಂದ ಇಟ್ಟುಕೊಂಡಿದ್ದೆ.

"ಬೀಗ ಹಾಕಿದ್ದು ನಾನು ಅತ್ತೆ. ನೀವು ಬರೇ ಎಳೆದುಕೋ ಅಂದಿದ್ದಿರಿ."

"ಗೊತ್ತುಂಟು."

"ನೀವು ಒಂದು ದಿನವೂ ಹೇಳಲಿಲ್ಲ."

"ನೀನು ಈ ನಾಲ್ಕು ದಿನ ಹೇಳಿದಿಯಾ?"

ಅತ್ತೆ ಅಳಲಿಲ್ಲ. ತನ್ನ ಬಲಗೈಯ ಹೆಬ್ಬೆರಳನ್ನೂ ತೋರುಬೆರಳನ್ನೂ ಒಂದಕ್ಕೊಂದು ತಿಕ್ಕಿ ತಿಕ್ಕಿ ನೋಡಿಕೊಂಡರು. ಅಲ್ಲಿದ್ದ ಎಣ್ಣೆ ಹೋಗುವುದಿಲ್ಲವಲ್ಲ. ನಾನು ಸೆರಗಿನ ತುದಿ ಕೊಟ್ಟೆ. ಅದರಲ್ಲಿ ಒರೆಸಿದರು. "ನಾಲ್ಕು ಹನಿ ಸಾಕು ಅಂತ ನಿನ್ನ ಮಾವ ಹೇಳ್ತಿದ್ರು. ನಾನು ಹೆಚ್ಚೇ ಬಿಡ್ತಿದ್ದೆ," ಎಂದರು. ದೀಪ ಆರುವವರೆಗೂ ಹಾಗೇ ಕೂತಿದ್ದೆವು. ಆರಿದ ಮೇಲೆ ಅವರೇ ಕೇಳಿದರು.

"ಹಮೀದ ಬೇರೆ ಎಂತ ಹಾಕ್ಲಿಕ್ಕೆ ಹೇಳಿದ?"

"ಪೆನ್ಸಿಲ್ ಕಡ್ಡಿಯ ಪುಡಿ. ನಾಳೆ ಗ್ರಂಥಾಲಯದಿಂದ ತರ್ತೇನೆ."

"ಬೇಡ," ಎಂದು ಎದ್ದರು. ಕೋಣೆಯಲ್ಲಿ ಮಾವನ ಖಾಕಿ ಚೀಲ ಮೊಳೆಯಲ್ಲಿ ತೂಗುತ್ತಿರುತ್ತದೆ, ವರ್ಷಕ್ಕೊಮ್ಮೆ ಕೊಡಹಿ ಪುನಃ ತೂಗಿಸುವುದು. ಅದರೊಳಗೆ ಕೈಹಾಕಿ ಒಂದು ತುಂಡು ಪೆನ್ಸಿಲ್ ತಂದರು. ಅರ್ಧ ಬೆರಳಿನಷ್ಟು ಉಳಿದಿತ್ತು. ತಲೆಯಲ್ಲಿ ದಾರದ ಗಂಟು ಹಾಗೇ ಇತ್ತು. ಮೆಟ್ಟುಕತ್ತಿಯ ಮುಂದೆ ಕೂತು, ಕೆಸುವಿನ ದಂಟು ಹೆಚ್ಚುವಷ್ಟೇ ಜಾಗ್ರತೆಯಿಂದ ಅದನ್ನು ಹೆರೆದರು. ಮರದ ಸಿಪ್ಪೆ ಬೇರೆ, ಕಡ್ಡಿಯ ಪುಡಿ ಬೇರೆ. ಪೇಪರ್ ತುಂಡನ್ನು ಮಡಚಿ ಬೀಗದ ಕಿಂಡಿಗೆ ಹಿಡಿದು, "ನೀನು ಊದು. ನನಗೆ ಉಸಿರು ಸಾಲುದಿಲ್ಲ," ಎಂದರು. ನಾನು ಊದಿದೆ. ಅರ್ಧ ಪುಡಿ ನನ್ನ ಮೂಗಿಗೇ ಬಂತು. ಅತ್ತೆ ಸೆರಗಿನಿಂದ ಒರೆಸಿದರು, ಒರೆಸಿ 'ಇನ್ನೂ ಕಪ್ಪಾಯ್ತು' ಎಂದರು.

ಮಲಗುವ ಮೊದಲು, "ನಾಳೆ ಪೂಜೆಗೆ ನಾನೂ ಬರ್ತೇನೆ," ಎಂದರು.

ಬೆಳಗಿನ ಜಾವ ಚಳಿ ಜೋರಾಗಿತ್ತು. ನಮ್ಮವರು ಡ್ಯೂಟಿಗೆ ಹೋಗಿಯಾಗಿತ್ತು, ಮನೆಯೊಳಗೆ ಯಾರೂ ಇಲ್ಲ. ಹೊರಡುವಾಗ ಅತ್ತೆ ಬಾಗಿಲ ಹಿಂದೆ ಕೈಹಾಕಿ ಮೊಳೆಯಿಂದ ಆ ಕೀ ತೆಗೆದರು. ನಾನು ನೋಡಿಯೂ ನೋಡದವಳ ಹಾಗೆ ಮೆಟ್ಟಲಿಳಿದೆ. ಬೀಗ ಅವರೇ ಹಾಕಿದರು. ದಾರಿಯುದ್ದಕ್ಕೂ, ಪೂಜೆಯಲ್ಲಿ ನಿಂತಾಗಲೂ ಕೀ ಅವರ ಮುಷ್ಟಿಯಲ್ಲೇ ಇತ್ತು. ತೀರ್ಥವನ್ನು ಎಡಗೈಗೆ ಕೇಳುವಂತಿಲ್ಲವಲ್ಲ, ಆಗ ಮಾತ್ರ ನನ್ನ ಕೈಗೆ ಕೊಟ್ಟು ಪುನಃ ತೆಗೆದುಕೊಂಡರು. ಅವರ ಬಿಸಿಯಲ್ಲಿ ಅದು ಬೆಚ್ಚಗಾಗಿತ್ತು.

ಬಂದು ಬಾಗಿಲ ಮುಂದೆ ನಿಂತೆವು. ಬಿಸಿಲು ಇನ್ನೂ ಬಿದ್ದಿರಲಿಲ್ಲ. ಅತ್ತೆ ಕೀ ಹಾಕಿದರು. ಒಂದು ಗಳಿಗೆ ತಿರುಗಿಸದೆ ಹಿಡಿದರು. ಆಮೇಲೆ ತಿರುಗಿಸಿದರು, ತಿರುಗಿತು. ಬಾಗಿಲು ತೆರೆಯಿತು. ಒಳಗೆ ಕತ್ತಲೆ, ನೆಲ ಖಾಲಿ.

ನಾನು ಒಳಗೆ ಹೋಗುವುದಕ್ಕೆ ಕಾದೆ. ಅವರು ಹೋಗಲಿಲ್ಲ. ಬಾಗಿಲನ್ನು ಪುನಃ ಎಳೆದುಕೊಂಡು ಬೀಗ ಹಾಕಿದರು. ತೆಗೆದರು. ಪುನಃ ಹಾಕಿದರು, ಪುನಃ ತೆಗೆದರು. ಪ್ರಸಾದದ ಎಲೆ ಹಿಡಿದುಕೊಂಡು ನಾನು ಪಕ್ಕದಲ್ಲಿ ನಿಂತಿದ್ದೆ, ಹಿಂದೆ ಎಣ್ಣೆಯ ಲೋಟ ಹಿಡಿಯುತ್ತಿದ್ದ ಹಾಗೆ. ಎಷ್ಟು ಸಲ ಎಂದು ಲೆಕ್ಕ ಇಡಲಿಲ್ಲ. ಹಾಲಿಗೆ ಹೋಗುವ ಕುಶಾಲಣ್ಣ ದಾರಿಯಲ್ಲಿ ನಿಂತು, "ಎಂತ, ಪುನಃ ಸಿಕ್ಕಿಬಿತ್ತಾ? ಬರ್ಬೇಕಾ ನಾನು?" ಎಂದು ಕೇಳಿದರು.

"ಬೇಡ," ಎಂದರು ಅತ್ತೆ, ತಿರುಗದೆ. "ಬರ್ತದೆ."

ಕೊನೆಗೆ ಬಾಗಿಲನ್ನು ಗೋಡೆಗೆ ಮುಟ್ಟುವಷ್ಟು ತೆರೆದರು. ಕೀಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹೊಸಿಲು ದಾಟಿ, ಬದಿಗೆ ಸುತ್ತು ಹಾಕದೆ, ನೇರ ಒಳಗೆ ನಡೆದರು.